ತರಬೇತಿಯ ಫೋಟೋ

"ಏ ಘಟ್ಟದವಳೇ, ಅದು ಮನುಷ್ಯನ ಎದೆ, ನಿನ್ನ ಊರಿನ ರೊಟ್ಟಿಹಿಟ್ಟಲ್ಲ! ಸರಿಯಾಗಿ ಒತ್ತು!"

ನೆಲದ ಮೇಲೆ ಮಲಗಿಸಿದ್ದ ರಬ್ಬರ್ ಗೊಂಬೆಯ ಎದೆ ಒತ್ತುತ್ತಿದ್ದೆ. ಮೇಟ್ರನ್ ಸೌಮ್ಯಶ್ರೀ ಮೇಡಂ ಹೀಗೆ ಬೈದದ್ದಕ್ಕೆ ಉಳಿದ ನರ್ಸುಗಳು ನಕ್ಕರು. ನಗಲಿ ಬಿಡಿ. ಘಟ್ಟ ಇಳಿದು ಉಡುಪಿಗೆ ಬಂದಾಗಿನಿಂದ ಇಂಥದ್ದು ಕೇಳಿ ಕೇಳಿ ಚರ್ಮ ದಪ್ಪವಾಗಿದೆ. ನನ್ನ ಜೀವವೆಲ್ಲ ಮೇಲಿನ ಐಸಿಯುವಿನಲ್ಲಿತ್ತು. ಆಸ್ಪತ್ರೆಗೆ ತಪಾಸಣೆಯವರು ಬರುವವರಿದ್ದರು. ತರಬೇತಿ ನಡೆದಿದೆ ಎಂದು ತೋರಿಸಲು ಫೋಟೋ ಬೇಕಲ್ಲ, ಡ್ಯೂಟಿಯಲ್ಲಿದ್ದ ನಮ್ಮನ್ನೇ ಕೆಳಗೆ ಎಳೆತಂದಿದ್ದರು. ಮೇಲೆ ಅಷ್ಟೂ ರೋಗಿಗಳಿಗೆ ಉಳಿದವಳು ಮೊನ್ನೆಯಷ್ಟೇ ಸೇರಿದ ದೀಕ್ಷಿತಾ ಒಬ್ಬಳೇ.

"ಮೇಡಂ, ಕಿಟ್ಟಣ್ಣಗ ಕಫ ಭಾಳ ಕಟ್ಟಾಕತ್ತೈತ್ರಿ. ಉಸಿರಿನ ಪೈಪ್ ಮುಚ್ಚತೈತಿ. ಒಂದು ಸರ್ತಿ ಎಳದು ಓಡಿ ಬರ್ತೇನ್ರಿ."

"ಫೋಟೋ ಆಗಲಿ ಮಾರಾಯ್ತಿ. ನಿನ್ನ ಒರಿಜಿನಲ್ ಸರ್ಟಿಫಿಕೇಟ್ ಎಲ್ಲಿ ಉಂಟು ಅಂತ ನೆನಪುಂಟಲ್ವಾ?"

ನೆನಪಿತ್ತು. ಸೇರುವಾಗಲೇ ಕಸಿದುಕೊಂಡು ಆಫೀಸಿನ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರು. ಕೆಲಸದ ಬಾಂಡ್ ಮುಗಿಯದೆ ಕೊಡುವುದಿಲ್ಲ, ಅದಿಲ್ಲದೆ ಬೇರೆಲ್ಲೂ ಕೆಲಸವಿಲ್ಲ. ಅಪ್ಪ ಮಣಿಪಾಲದಲ್ಲಿ ಕೆಂಪುಕಲ್ಲು ಹೊತ್ತು ನನ್ನನ್ನು ಓದಿಸಿದ್ದು ಆ ಹಾಳೆಗಳಿಗಾಗಿ. ಮತ್ತೆ ಮಂಡಿಯೂರಿದೆ. ಫೋಟೋ ತೆಗೆಯುವವನು ನಗಿ ಎಂದ. ನಕ್ಕೆ.

ಬಿಟ್ಟೊಡನೆ ಮೇಲಕ್ಕೆ ಓಡಿದೆ. ದೀಕ್ಷಿತಾ ಬೇರೆ ರೋಗಿಯ ಹತ್ತಿರ ಇದ್ದಾಗ ಪೈಪ್ ಕಟ್ಟಿಕೊಂಡಿತ್ತು. ಅವಳು ಅಳುತ್ತಲೇ ಕಿಟ್ಟಣ್ಣನ ಎದೆ ಒತ್ತುತ್ತಿದ್ದಳು. ಕಫ ಎಳೆದೆವು, ಡಾಕ್ಟರು ಬಂದರು, ಸರದಿಯ ಮೇಲೆ ಒತ್ತಿದೆವು. ಕಾಪುವಿನ ಕಡಲಿನಲ್ಲಿ ಬಲೆ ಎಳೆದು ಗಟ್ಟಿಯಾದ ಎದೆ. ಆದರೂ ಉಸಿರು ಮರಳಲಿಲ್ಲ.

ಹಿಂದೆಯೇ ಮೇಲೆ ಬಂದಿದ್ದ ಮೇಡಂ ನನ್ನನ್ನು ಬದಿಗೆ ಕರೆದರು. "ಶ್ವಾಸಕೋಶ ಮೊದಲೇ ಹಾಳಾಗಿತ್ತು. ಹೆಂಡತಿಗೆ ಅಷ್ಟೇ ಹೇಳು. ನೀನು ಇಲ್ಲೇ ಇದ್ದಿ, ಗೊತ್ತಾಯ್ತಾ?"

ಕಿಟ್ಟಣ್ಣನ ಹೆಂಡತಿ ವಾರಿಜಕ್ಕ ಹೊರಗೆ ಬೆಂಚಿನಲ್ಲಿದ್ದರು. ಗಂಡ ಕೈ ಹಿಸುಕಿದನೆಂದು ಬೆಳಿಗ್ಗೆ ಎಷ್ಟು ಖುಷಿಪಟ್ಟಿದ್ದರು! ಇನ್ನು ಹೆದರಿಕೆಯಿಲ್ಲ ಎಂದು ನಾನೇ ಧೈರ್ಯ ಹೇಳಿದ್ದೆ. ನನ್ನ ಮುಖ ಕಂಡದ್ದೇ ಎದ್ದು ನಿಂತರು.

"ಎಂತ ಆಯ್ತು ಸಿಸ್ಟರ್? ಹೋದ್ರಾ? ನೀವು ಹತ್ತಿರವೇ ಇದ್ರಲ್ವಾ?"

ಮೇಡಂ ನನ್ನ ಬೆನ್ನಿಗೇ ನಿಂತಿದ್ದರು. ಆ ಬೀರುವಿಗಿಷ್ಟು ಬೆಂಕಿ ಬೀಳಲಿ!

"ಇರಲಿಲ್ರೀ ಅಕ್ಕಾ. ಅವರು ಉಸಿರಿಲ್ದ ಒದ್ದಾಡೂ ಹೊತ್ತಿನ್ಯಾಗ ನಾನು ಕೆಳಗ ಗೊಂಬಿ ಮುಂದ ಕುಂತು ಫೋಟೋಕ್ಕ ನಗಾಕತ್ತಿದ್ದೆ. ಬರ್ತೇನಿ ಅಂದೆ, ಈ ಮೇಡಂ ಬಿಡಲಿಲ್ಲ. ಬಿಡಿಸ್ಕೊಂಡು ನಾನೂ ಬರಲಿಲ್ಲ."

ಮೇಡಂ ನನ್ನ ತೋಳು ಹಿಡಿದು ಹಿಂದಕ್ಕೆಳೆದರು. ಕೊಸರಿಕೊಂಡೆ. ವಾರಿಜಕ್ಕನ ಕೈ ನನ್ನ ಕೆನ್ನೆಗೆ ಬಿತ್ತು. ಇನ್ನೊಂದು ಬೀಳಲೆಂದು ಅಲ್ಲೇ ನಿಂತೆ.