ಬಾನೆಟ್ಟಿನ ಕೆಳಗೆ ಕಂಡದ್ದು

“ನಿನ್ನೆ ಸಂಜೆತನಕ ನೆಟ್ಟಗಿದ್ದದ್ದಕ್ಕೆ ಈಗೇನು ಬಂತು?”

ಬಚ್ಚಪ್ಪ ಕೇಳಿದ. ಕಾರಿನೊಳಗೆ ಅವನಲ್ಲದೆ ಇನ್ಯಾರೂ ಇರಲಿಲ್ಲ. ಸೆಲ್ಫ್ ಗುಂಡಿಯನ್ನು ಮತ್ತೊಮ್ಮೆ ಎಳೆದ. ಬಾನೆಟ್ಟಿನ ಕೆಳಗೆಲ್ಲೋ ‘ಟಕ್’ ಎಂದಿತು, ಯಾರೋ ಲೊಚಗುಟ್ಟಿದ ಹಾಗೆ. ಅಷ್ಟೆ. ಇಂಜಿನ್ನು ಅಲುಗಲಿಲ್ಲ.

ಎದೆಯೊಳಗೆ ಏನೋ ಸಡಿಲವಾಯಿತು. ಹೆದರಿಕೆಯಿರಬೇಕು ಎಂದುಕೊಂಡ. ಹೆದರಿಕೆಯಾಗಿದ್ದರೆ ಅಂಗೈ ಬೆವರಬೇಕಿತ್ತು, ಒಣಗಿಯೇ ಇತ್ತು. ಬೆಳಗಿನಿಂದ ಗಂಟಲಲ್ಲಿ ನಿಂತಿದ್ದ ಉಪ್ಪಿಟ್ಟು ಈಗ ಕೆಳಗಿಳಿದಂತಾಯಿತು. ತನಗೆ ಹಾಯೆನಿಸುತ್ತಿದೆ ಎಂದು ಗೊತ್ತಾದಾಗ ಅವನು ಕನ್ನಡಿಯಲ್ಲಿ ಮುಖ ನೋಡಿಕೊಂಡ. ಮುಖದ ಮೇಲೆ ಚಿಂತೆಯಿತ್ತು. ಸದ್ಯ.

ಗಣಿಯೊಳಗೆ ಬಂಡೆ ಕುಸಿದು ಆಳೊಬ್ಬ ಸತ್ತದ್ದರ ವಿಚಾರಣೆಗೆ ಸಾಹೇಬರು ಬಂದು ಬಂಗಾರಪೇಟೆಯ ಬಂಗಲೆಯಲ್ಲಿ ಕೂತಿದ್ದರು. ಈ ಒಂದೇ ದಿನ. ಎರಡು ಗಂಟೆಯ ಗಾಡಿಗೆ ಮದರಾಸಿಗೆ ಹೊರಡುವವರು. ಅಷ್ಟರೊಳಗೆ ಬಚ್ಚಪ್ಪ ಹೋಗಿ ಹೇಳಿಕೆ ಕೊಡಬೇಕು. ಕೊಡದಿದ್ದರೆ ಕಾಗದದ ಮೇಲೆ ಈಗ ಇರುವುದೇ ನಿಲ್ಲುತ್ತದೆ.

ಕಾಗದದ ಮೇಲೆ ಇದ್ದದ್ದು ಎರಡೇ ಸಾಲು. ಮೊದಲನೆಯದು ಅವನ ಕೈಬರಹ: ‘ಮೇಲಿನ ಬಂಡೆ ತಟ್ಟಿ ನೋಡಿದೆ, ಸರಿಯಿದೆ.’ ಕೆಳಗಿನದು ಬೇರೆಯವರದು: ‘ಮೃತನು ಕುಡಿದಿದ್ದು, ತೋರಿಸಿದ ಜಾಗ ಬಿಟ್ಟು ಕೆಲಸ ಮಾಡುತ್ತಿದ್ದನು.’ ಅವೆರಡು ಸಾಲು ಹಾಗೆಯೇ ಉಳಿದರೆ ಮೃತನ ಹೆಂಡತಿ ಮಾರಿಯಮ್ಮ ತಿಂಗಳ ಕೊನೆಗೆ ಕಂಪನಿಯ ಲೈನ್ ಮನೆ ಬಿಡಬೇಕು. ಹದಿನೈದು ವರ್ಷ ನೆಲದೊಳಗೆ ದುಡಿದವನು ಕುಡುಕನಾಗಿಯೇ ಉಳಿಯಬೇಕು.

ಕೆಲಸ ಶುರುವಾಗುವ ಮೊದಲು ಓವರ್‌ಸಿಯರ್ ಆದವನು ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟಿ, ನಿಂತು, ಕೇಳಬೇಕು. ಗಟ್ಟಿ ಬಂಡೆ ಗಂಟೆಯ ಹಾಗೆ ದನಿ ಕೊಡುತ್ತದೆ. ಬಿರುಕು ಬಿಟ್ಟದ್ದು ಖಾಲಿ ಗುಡಾಣದ ಹಾಗೆ. ಆಮೇಲೆ ಪುಸ್ತಕದಲ್ಲಿ ‘ಸರಿಯಿದೆ’ ಎಂದು ಬರೆದರೆ ಆಳುಗಳು ಒಳಗೆ ಹೋಗುತ್ತಾರೆ. ಬಚ್ಚಪ್ಪನ ಕಿವಿ ಚುರುಕು. ಊರಿನಲ್ಲಿ ಅಪ್ಪ ದೀಪದ ಮುಂದೆ ಕೂತು ಷಟ್ಪದಿ ಓದುವಾಗ ಒಂದು ಮಾತ್ರೆ ಜಾರಿದರೂ ಹೊಸಿಲ ಮೇಲೆ ತೂಕಡಿಸುತ್ತಿದ್ದ ಈ ಹುಡುಗ ಕಣ್ಣು ಬಿಡುತ್ತಿದ್ದ. ಅಂಥ ಕಿವಿಗೆ ಆ ದಿನ ಬಂಡೆ ಏನಂದಿತೋ ನೆನಪಿಲ್ಲ. ತಟ್ಟಿದ್ದು ನಿಜ. ಕೇಳಿಸಿಕೊಂಡದ್ದು ಸುಳ್ಳು.

ಏನು ಯೋಚಿಸುತ್ತಿದ್ದೆ ಆಗ? ಅದೂ ನೆನಪಿಲ್ಲ. ದೊಡ್ಡದೇನೂ ಇರಲಾರದು. ಷರಟಿನ ಗುಂಡಿಯಿರಬಹುದು.

“ಏನ್ ಸಾರ್, ಬಾನೆಟ್ ತೆಗೆದ್ಬಿಟ್ಟಿದ್ದೀರಾ?”

ಕುಪ್ಪುಸ್ವಾಮಿ ಬಂದಿದ್ದ, ಹಿಂದೆ ಮಾರಿಯಮ್ಮ. ಅವಳೂ ಇವತ್ತೇ ಸಾಹೇಬರ ಮುಂದೆ ಹೆಬ್ಬೆಟ್ಟು ಒತ್ತಬೇಕು. ಅವಳನ್ನೂ ಬಚ್ಚಪ್ಪನನ್ನೂ ಕಾರಿನಲ್ಲಿ ಒಟ್ಟಿಗೆ ಕಳಿಸುವ ಏರ್ಪಾಡು ಮಾಡಿದ್ದವನು ಕುಪ್ಪುಸ್ವಾಮಿಯೇ. ಗಣಿಯ ದೀಪದ ಕೋಣೆಯಲ್ಲಿ ಅವನ ಕೆಲಸ. ತಲೆದೀಪಗಳ ಬ್ಯಾಟರಿಗೆ ಕರೆಂಟು ತುಂಬಿಸಿ, ನಂಬರು ನೋಡಿ ಕೊಟ್ಟು, ಪಾಳಿ ಮುಗಿದಾಗ ವಾಪಸು ಪಡೆಯುವುದು. ಒಂದು ದೀಪ ಬರಲಿಲ್ಲವೆಂದರೆ ಒಬ್ಬ ಮನುಷ್ಯ ಕೆಳಗೇ ಇದ್ದಾನೆ ಎಂದರ್ಥ.

“ಬ್ಯಾಟರಿ ಇಳಿದುಹೋಗಿದೆ ಕಣಯ್ಯ.”

“ಬ್ಯಾಟರಿನಾ? ನಾನಿರೋ ಊರಲ್ಲಿ ಬ್ಯಾಟರಿ ಸಾಯ್ತದಾ ಸಾರ್? ನಂಗೇ ಅವಮಾನ. ಮಾರಿಯಮ್ಮಾ, ನೀ ಒಳ್ಗೆ ಉಕ್ಕಾರು. ಐದೇ ನಿಮಿಷ.” ಹಿಂದಿನ ಬಾಗಿಲು ತೆಗೆದು ಅವಳನ್ನು ಕೂರಿಸಿಯೇಬಿಟ್ಟ.

ಬಿಸಿನೀರು ಕೇಳಿದ. ಬಚ್ಚಪ್ಪ ಚೊಂಬಿನಲ್ಲಿ ತಂದುಕೊಟ್ಟ. ಬ್ಯಾಟರಿಯ ಎರಡು ತುದಿಗೂ ಬಿಳಿಯ ಬೂಸಲು ಕಟ್ಟಿತ್ತು. ಕುಪ್ಪುಸ್ವಾಮಿ ನೀರು ಹೊಯ್ದು, ಹಲ್ಲುಜ್ಜುವ ಬ್ರಷ್ಷಿನಿಂದ ಮಗುವಿನ ತಲೆ ತಿಕ್ಕುವಂತೆ ತಿಕ್ಕಿದ. ಆಮೇಲೆ ದಪ್ಪ ವೈರು ತರಲು ಷೆಡ್ಡಿನ ಕಡೆ ನಡೆದ.

ಕಾರಿನ ಹತ್ತಿರ ಇಬ್ಬರೇ ಉಳಿದರು.

“ಸಾಮಿ,” ಮಾರಿಯಮ್ಮ ಒಳಗಿನಿಂದ ಕೇಳಿದಳು, “ಅವತ್ತು ನೀವು ತಟ್ಟಿದ್ರಾ?”

“ತಟ್ಟಿದ್ದೆ.”

“ಬಂಡೆ ಏನಂತು?”

ಅವನು ಬಾನೆಟ್ಟಿನ ಮರೆಗೆ ಸರಿದ. “ಅದನ್ನೆಲ್ಲ ಅಲ್ಲೇ ಹೇಳ್ತೀನಮ್ಮ. ಸಾಹೇಬರ ಮುಂದೆ.”

“ಆಗ್ಲಿ.”

ಅವಳು ರಸ್ತೆಯ ಕಡೆ ಮುಖ ತಿರುಗಿಸಿದಳು. ಇನ್ನೂ ಕೇಳಿದ್ದರೆ ವಾಸಿಯಿತ್ತು.

ರಾಬರ್ಟ್‌ಸನ್‌ಪೇಟೆ ಕಡೆಯಿಂದ ಆಲೂಗಡ್ಡೆ ಲಾರಿಯೊಂದು ಬಂದು ನಿಂತಿತು. ಸೀನಪ್ಪ. ಬಚ್ಚಪ್ಪನ ಊರಿನ ಪಕ್ಕದ ಹಳ್ಳಿಯವನು, ಆಂಧ್ರದ ಕಡೆ ಸರಕು ಹೊಡೆಯುವವನು.

“ಏನ್ ಬಚ್ಚಪ್ಪಣ್ಣೋ, ದೊರೆ ಕುದ್ರೆ ಮುಷ್ಕರ ಊಡೈತಾ? ಎತ್ತಾಗಿದ್ರೆ ಬಾಲ ತಿರುವಬೋದಾಗಿತ್ತು. ಇದ್ಕೆ ಬಾಲ ಎಲ್ಲೈತೋ ಆ ದೊರೆ ಏಳ್ಕೊಟ್ಟೋದ್ನಾ?”

ದೊರೆಗಳು ಒಬ್ಬೊಬ್ಬರಾಗಿ ಹಡಗು ಹತ್ತಿದ ವರ್ಷ ಕೊಂಡ ಕಾರು ಅದು. ಓವರ್‌ಸಿಯರುಗಳ ಸಾಲಿನಲ್ಲಿ ಕಾರಿದ್ದದ್ದು ಅವನೊಬ್ಬನಿಗೇ. ಭಾನುವಾರ ಅದನ್ನು ತೊಳೆಯುತ್ತಿದ್ದ. ಹೋಗಬೇಕಾದ ಜಾಗಗಳೇನೂ ಇರಲಿಲ್ಲ.

ಕುಪ್ಪುಸ್ವಾಮಿ ವೈರು ತಂದ. ಲಾರಿಯನ್ನು ಕಾರಿನ ಮೂತಿಗೆ ಮೂತಿ ತಂದು ನಿಲ್ಲಿಸಿದರು. ಸೀನಪ್ಪ ವೈರಿನ ತುದಿಯನ್ನು ತನ್ನ ಲಾರಿಯಲ್ಲಿದ್ದ ಹಾಗೆಯೇ ಸಿಕ್ಕಿಸಲು ಹೋದಾಗ ಕುಪ್ಪುಸ್ವಾಮಿ ಅವನ ಕೈ ಹಿಡಿದುಕೊಂಡ.

“ಯೋವ್, ತಡಿ. ಇದು ವೆಳ್ಳೈಕಾರನ ವಂಡಿ, ಬಿಳಿಯೋರ ಗಾಡಿ. ನಿಂದರಲ್ಲಿ ಮೈನಸ್ಸು ಗಾಡಿ ಮೈಗೆ ಕಟ್ಟಿರ್ತದೆ. ಇದ್ರಲ್ಲಿ ಪ್ಲಸ್ಸೇ ಮೈಗೆ. ಸುಟ್ಟಾಕ್ಬಿಡ್ತಿದ್ದೆ.”

“ಅವ್ರದೆಲ್ಲಾ ತಿರುಗುಮುರುಗೇ ಬುಡು. ತೊಳ್ಕೊಳೋದ್ನ ಒರೆಸ್ಕೊಳೋರು.”

ಕುಪ್ಪುಸ್ವಾಮಿ ನಗುತ್ತಲೇ ನಾಲ್ಕು ತುದಿಗಳನ್ನೂ ಸರಿಯಾಗಿ ಬ್ಯಾಟರಿಗಳ ಮೇಲೆ ಕೂರಿಸಿದ. ಲಾರಿ ಗುಡುಗುಟ್ಟುತ್ತಿತ್ತು. ಬಚ್ಚಪ್ಪ ಒಳಗೆ ಕೂತು ಗುಂಡಿ ಎಳೆದ.

ಟಕ್.

“ಇನ್ನೊಂದ್ ದಪ ಎಳೀರಿ ಸಾರ್.”

ಟಕ್.

ಈ ಸದ್ದನ್ನು ಮಾತ್ರ ಅವನು ಸರಿಯಾಗಿ ಕೇಳಿಸಿಕೊಂಡ. ಬ್ಯಾಟರಿ ಸತ್ತ ಸದ್ದಲ್ಲ ಇದು. ದಾರಿ ಕಡಿದ ಸದ್ದು. ಕಾಲೇಜಿನಲ್ಲಿ ವಿದ್ಯುಚ್ಛಕ್ತಿಯ ಪಾಠದಲ್ಲಿ ಅವನಿಗೇ ಮೊದಲ ನಂಬರು. ಇಳಿದು ಬಂದು ಬಾನೆಟ್ಟಿನೊಳಗೆ ಬಗ್ಗಿದ. ಬ್ಯಾಟರಿಯ ಪ್ಲಸ್ಸಿನಿಂದ ಹೆಣೆದ ತಾಮ್ರದ ಪಟ್ಟಿಯೊಂದು ಹೊರಟು, ಕೆಳಗೆ ಕತ್ತಲಲ್ಲಿ ಕಾರಿನ ಮೈಗೆ ಸೇರಬೇಕಾದ ಕಡೆ ಬೋಲ್ಟು ಸಡಿಲವಾಗಿ, ಗ್ರೀಸಿನ ಮುದ್ದೆಯಲ್ಲಿ ಸುಮ್ಮನೆ ತೂಗುತ್ತಿತ್ತು. ಮೇಲಿನಿಂದ ಎಷ್ಟು ಕರೆಂಟು ಸುರಿದರೇನು, ಹಿಂದಿರುಗುವ ದಾರಿಯೇ ಇಲ್ಲ. ಬೆರಳಿನಿಂದ ನಾಲ್ಕು ಸುತ್ತು ತಿರುಗಿಸಿದರೆ ಸಾಕಿತ್ತು.

ನಾಲ್ಕು ಸುತ್ತು, ಮುಕ್ಕಾಲು ಗಂಟೆಯ ದಾರಿ, ಒಂದು ಕುರ್ಚಿ, ಒಂದು ಮಾತು. ‘ತಟ್ಟಿದೆ, ಕೇಳಿಸಿಕೊಳ್ಳಲಿಲ್ಲ.’ ಆಮೇಲೆ ಕೆಲಸವಿಲ್ಲ, ಕ್ವಾರ್ಟರ್ಸಿಲ್ಲ. ಊರಿಗೆ ಹೋಗಿ ಹೊಸಿಲ ಮೇಲೆ ಕೂತುಕೊಳ್ಳಬೇಕು.

ಅವನು ಬೆನ್ನು ನೆಟ್ಟಗೆ ಮಾಡಿದ. ಕರವಸ್ತ್ರದಿಂದ ಕೈ ಒರೆಸಿಕೊಂಡ. ಕೈ ಚೊಕ್ಕಟವಾಗಿಯೇ ಇತ್ತು.

ಕುಪ್ಪುಸ್ವಾಮಿ ಸೋಲಲಿಲ್ಲ. ಡಿಕ್ಕಿಯಿಂದ ಹ್ಯಾಂಡಲ್ಲು ತೆಗೆದು ಮೂತಿಗೆ ಚುಚ್ಚಿ ತಿರುಗಿಸಿದ. ಇಂಜಿನ್ನು ಉಸ್ಸೆಂದಿತೇ ಹೊರತು ಕಿಡಿ ಹಿಡಿಯಲಿಲ್ಲ. ಸೀನಪ್ಪ ತಿರುಗಿಸಿದ. ಮತ್ತೆ ಕುಪ್ಪುಸ್ವಾಮಿ. ಹ್ಯಾಂಡಲ್ಲು ಜಾರಿ ಬಡಿದು ಅವನ ಮಣಿಕಟ್ಟು ಕೆಂಪಾಯಿತು.

“ಉಣ್ಸಿದ್ರೂ ನುಂಗಂಗಿಲ್ಲ, ಒದ್ರೂ ಏಳಂಗಿಲ್ಲ,” ಎಂದ ಸೀನಪ್ಪ. “ಬಂಗಾರಪೇಟೆ ಕಡೀಕೋಗೋನಾಗಿದ್ರೆ ಕರ್ಕೊಂಡೋಗ್ತಿದ್ದೆ ಅಣ್ಣೋ. ನಾನು ಆಚೆ ದಿಕ್ಕು. ಇನ್ನೂ ನಿಂತ್ರೆ ಗಡ್ಡೆ ಮೊಳಕೆ ಒಡೀತಾವೆ. ಬತ್ತೀನಿ.”

ಲಾರಿ ಹೋಯಿತು. ಧೂಳು ನಿಧಾನವಾಗಿ ಕೆಳಗೆ ಕೂತಿತು.

ಕುಪ್ಪುಸ್ವಾಮಿ ಮಣಿಕಟ್ಟು ಉಜ್ಜಿಕೊಳ್ಳುತ್ತ ಬ್ಯಾಟರಿಯನ್ನೇ ನೋಡುತ್ತಿದ್ದ. ಅವನಿಗೆ ಬ್ಯಾಟರಿ ಗೊತ್ತು. ಅವನ ದೀಪಗಳಿಗೆ ಮೈಯೆಂಬುದಿಲ್ಲ, ಎರಡೇ ತಂತಿ. ಕಾರಿನಲ್ಲಿ ಪ್ಲಸ್ಸು ಮೈಗೆ ಹೋಗುತ್ತದೆಂದು ಕೇಳಿ ಬಲ್ಲನಾದರೂ ಅದು ಸೇರುವ ಜಾಗವನ್ನು ಬಗ್ಗಿ ನೋಡಬೇಕೆಂದು ಅವನಿಗೆ ಹೊಳೆಯುವಂತಿರಲಿಲ್ಲ.

“ಸಾರ್, ನೀವು ಓದ್ದೋರು. ಬೇರೆ ಏನಾದ್ರೂ ಕಾಣ್ತದಾ ನೋಡಿ.”

ಬಚ್ಚಪ್ಪ ಬಗ್ಗಿ ನೋಡಿದ. ಸಾಕಷ್ಟು ಹೊತ್ತು ನೋಡಿದ.

“ಇಲ್ಲ,” ಎಂದ.

ಇಷ್ಟು ಸುಲಭವೆಂದು ಗೊತ್ತಿರಲಿಲ್ಲ. ಪುಸ್ತಕದಲ್ಲಿ ಬರೆಯುವುದಕ್ಕಾದರೂ ಪೆನ್ನಿಗೆ ಮಸಿ ಬೇಕಿತ್ತು.

“ಹಂಗಾದ್ರೆ ಹನ್ನೆರಡರ ಬಸ್ಸಿಗೆ ಹೋಗ್ಬಿಡಿ ಸಾರ್. ಅದು ತಪ್ಪಿದ್ರೆ ಸಂಜೆವರ್ಗೂ ಬಸ್ಸಿಲ್ಲ. ಇನ್ನೂ ಹತ್ತು ನಿಮಿಷ ಅದೆ. ಮೂಲೇಲಿ ಕೈ ಒಡ್ಡಿದ್ರೆ ನಿಲ್ಲಿಸ್ತಾನೆ.”

“ಇರು, ಇನ್ನೊಂದ್ಸಲ ನೋಡೋಣ. ತಣ್ಣಗಾದ್ರೆ ಹಿಡೀಬಹುದು.”

“ಬಿಸಿನೇ ಆಗಿಲ್ವಲ್ಲ ಸಾರ್.”

ಬಚ್ಚಪ್ಪ ಮತ್ತೆ ಬಗ್ಗಿದ. ಕಾರ್ಬುರೇಟರಿನ ಮುಚ್ಚಳ ತೆಗೆದ, ಊದಿದ, ಮುಚ್ಚಿದ. ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ ಒರೆಸಿದ. ಅವನ ಕೈಗಳು ಅಚ್ಚುಕಟ್ಟಾಗಿ ಕೆಲಸ ಮಾಡಿದವು. ಮೂರನೆಯ ಪ್ಲಗ್ಗಿಗೆ ಬಂದಾಗ ರಸ್ತೆಯ ಕೊನೆಯಲ್ಲಿ ಬಸ್ಸಿನ ಹಾರನ್ನು ಕೇಳಿಸಿತು, ಹತ್ತಿರವಾಯಿತು, ದೂರವಾಯಿತು. ಅವನು ತಲೆಯೆತ್ತಲಿಲ್ಲ. ನಾಲ್ಕನೆಯ ಪ್ಲಗ್ಗನ್ನು ಒರೆಸುವಾಗ ಒಳಗೊಳಗೇ ಗುನುಗುತ್ತಿದ್ದ. ಗುನುಗುತ್ತಿದ್ದುದು ಗೊತ್ತಾಗಿ ನಿಲ್ಲಿಸಿದ.

“ಹೋಯ್ತು,” ಎಂದ ಕುಪ್ಪುಸ್ವಾಮಿ.

“ಅರೆರೆ.”

ಕುಪ್ಪುಸ್ವಾಮಿ ವೈರು ಸುತ್ತಿಕೊಂಡ. ಒಂದು ಗಂಟೆಯ ಪಾಳಿಗೆ ಅವನು ದೀಪ ಕೊಡಬೇಕಿತ್ತು. ಹೊರಡುವವನು ನಿಂತ.

“ಕುಡ್ದೋರಿಗೆ ನಾ ದೀಪ ಕೊಡಲ್ಲ ಸಾರ್. ಬಾಯಿ ಮೂಸಿ ಕೊಡೋದು, ಇಪ್ಪತ್ತು ವರ್ಷದಿಂದ. ಅವನಿಗೂ ಮೂಸೇ ಕೊಟ್ಟೆ. ಮ್ಯಾಲೆ ತಂದಾಗ ಅವನ ದೀಪ ಉರೀತಾನೇ ಇತ್ತು.” ವೈರನ್ನು ಹೆಗಲಿಗೇರಿಸಿ ಹೇಳಿದ, “ನನ್ನ ಮಾತು ಯಾವ ಸಾಹೇಬ ಬರ್ಕೋತಾನೆ? ಮಾರಿಯಮ್ಮಾ, ಆಣ್ಡವನ್ ಇರುಕ್ಕಾನ್, ದೇವ್ರಿದ್ದಾನೆ. ನಾ ಬರ್ತೀನಿ.”

ಅವನು ಬಿಸಿಲಿನಲ್ಲಿ ಇಳಿಜಾರು ಇಳಿದು ಮರೆಯಾದ.

ಬಚ್ಚಪ್ಪ ಬಾನೆಟ್ಟು ಮುಚ್ಚಿದ. ಅದು ಕೂತ ಸದ್ದು ಚೆನ್ನಾಗಿತ್ತು, ಗಟ್ಟಿಯಾಗಿತ್ತು. ‘ಕಾರು ಹೊರಡಲಿಲ್ಲ.’ ಮನಸ್ಸಿನಲ್ಲೇ ಹೇಳಿಕೊಂಡ. ಸುಳ್ಳೇನಲ್ಲ. ಇಬ್ಬರು ಸಾಕ್ಷಿಗಳೂ ಇದ್ದಾರೆ. ಎಷ್ಟೋ ದಿನಗಳ ಮೇಲೆ ಅವನಿಗೆ ಹಸಿವಾಯಿತು. ರಾತ್ರಿಯ ಸಾರು ಉಳಿದಿತ್ತು, ಮುದ್ದೆ ತಿರುವಿಕೊಂಡರಾಯಿತು. ಊಟ ಮಾಡಿ ಮಲಗಬಹುದು, ಎರಡು ಗಂಟೆಯ ಗಾಡಿ ಕೂಗುವ ಹೊತ್ತಿಗೆ ನಿದ್ದೆ ಹತ್ತಿರಬಹುದು.

ಒಂದು ಸಣ್ಣ ಕೆಲಸ ಉಳಿದಿತ್ತು. ಹಿಂದಿನ ಬಾಗಿಲು ತೆರೆದ. ಒಳಗಿನ ಸೆಕೆ ಮುಖಕ್ಕೆ ರಾಚಿತು.

“ಇಳಿಯಮ್ಮ,” ಎಂದ. ದನಿಯಲ್ಲಿ ಮರುಕವಿತ್ತು, ಅವನಿಗೇ ಮೆಚ್ಚಿಗೆಯಾಗುವಷ್ಟಿತ್ತು. “ಇವತ್ತು ಆಗಲ್ಲ. ಮನೆಗೆ ಹೋಗು. ಇನ್ನೊಂದು ದಿನ ನೋಡೋಣ.”

ಅವಳು ಅವನ ಕಡೆ ತಿರುಗಲಿಲ್ಲ. ಓಡುವ ಗಾಡಿಯಲ್ಲಿ ಮುಗ್ಗರಿಸದಂತೆ ಜನ ಹಿಡಿದುಕೊಳ್ಳುವ ಹಾಗೆ ಎರಡು ಕೈಯಿಂದಲೂ ಮುಂದಿನ ಸೀಟನ್ನು ಹಿಡಿದುಕೊಂಡಿದ್ದಳು. ಕಣ್ಣುಗಳು ಧೂಳು ಕೂತ ಗಾಜಿನಾಚೆ ಬಂಗಾರಪೇಟೆಯ ರಸ್ತೆಯ ಮೇಲೆ ನೆಟ್ಟಿದ್ದವು.

“ಇಳಿಯಮ್ಮ,” ಎಂದ ಮತ್ತೆ.

“ಇಳಿಯಲ್ಲ,” ಎಂದಳು ಮಾರಿಯಮ್ಮ.