ಹೊರಮಗ್ಗುಲಿನ ಎತ್ತು

ಟೆನಿಸ್ ಸೆಕ್ರೆಟರಿ ನೀಲಕಂಠಸ್ವಾಮಿಯನ್ನು ನಾನು ನೊಗಕ್ಕೆ ಹೂಡಿದ ಸಂಗತಿಯನ್ನು ಹುಣಸೂರಿನಿಂದ ಹೆಗ್ಗಡದೇವನಕೋಟೆಯವರೆಗೆ ಎಲ್ಲರೂ ಹೇಳುತ್ತಾರೆ. ಆದರೆ ಎಲ್ಲರೂ ಒಂದಿಷ್ಟು ಕಡಿಮೆ ಮಾಡಿಯೇ ಹೇಳುತ್ತಾರೆ. ತಕ್ಕ ಅಳತೆಯಲ್ಲಿ ಹೇಳಬಲ್ಲವನು ನಾನೊಬ್ಬನೇ.

ಆಗ ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಓದುತ್ತಿದ್ದೆ. ಮಹಾರಾಜರ ಸೀಮೆಯಲ್ಲಿ ಅಷ್ಟು ಕಠಿಣವಾದ ಕಾಲೇಜು ಇನ್ನೊಂದಿರಲಿಲ್ಲ. ನಮ್ಮ ಗಣಿತದ ಮೇಷ್ಟರು ಬೋರ್ಡಿನ ಮೇಲೆ ಲೆಕ್ಕ ಶುರು ಮಾಡಿದರೆ ಮುಂದಿನ ಬೆಂಚಿನವರಿಗೆ ಮೀಸೆ ಮೂಡುತ್ತಿತ್ತು, ಮುಗಿಸುವ ಹೊತ್ತಿಗೆ ಹಿಂದಿನ ಬೆಂಚಿನವರಿಗೆ ನರೆ ಬರುತ್ತಿತ್ತು. ಪರೀಕ್ಷೆಯ ವಾರ ಹಾಸ್ಟೆಲಿನ ತೆಂಗಿನ ಮರಗಳು ಕೂಡ ಕಾಯಿ ಉದುರಿಸಲು ಹೆದರುತ್ತಿದ್ದವು, ಸದ್ದಾದರೆ ಪ್ರಿನ್ಸಿಪಾಲರು ದಂಡ ಹಾಕಿಯಾರು ಎಂದು.

ಅಷ್ಟು ಓದಿಸುವವರು ಸುಖಕ್ಕೇನೂ ಕಡಿಮೆ ಮಾಡಿರಲಿಲ್ಲ ಅನ್ನಿ. ಬಚ್ಚಲಲ್ಲಿ ಆನೆ ಮುಳುಗುವಂಥ ತಾಮ್ರದ ಹಂಡೆ, ಮುಂಜಾನೆಯಿಂದ ಕುದಿಯುತ್ತಲೇ ಇರುತ್ತಿತ್ತು. ರೀಡಿಂಗ್ ರೂಮಿನಲ್ಲಿ ಲಂಡನ್ನಿನ ಪತ್ರಿಕೆ ಬರುತ್ತಿತ್ತು. ಓದುವವರು ಯಾರೂ ಇರಲಿಲ್ಲ, ಹಿಡಿದುಕೊಂಡು ಕೂರುವವರು ಬಹಳ ಜನ ಇದ್ದರು. ಗ್ರಾಮಫೋನು, ಕೇರಂ ಬೋರ್ಡು, ಭಾನುವಾರದ ಹೋಳಿಗೆ. ಇವೆಲ್ಲ ಯಾರಿಗಾದರೂ ಸಿಗುವಂಥವು. ಸಿಗದೆ ಇದ್ದದ್ದು ಒಂದೇ, ಟೆನಿಸ್ ಕೋರ್ಟು. ಹಾಸ್ಟೆಲಿನ ಹಿಂದೆ, ಬಿಳಿ ಸುಣ್ಣದ ಗೆರೆ ಎಳೆದುಕೊಂಡು, ಮದುವಣಗಿತ್ತಿಯ ಹಾಗೆ ಕೂತಿತ್ತು ಅದು. ಅದರ ಮೇಲೆ ಒಂದು ಗಂಟೆ ರ್‍ಯಾಕೆಟ್ ಹಿಡಿದು ನಿಲ್ಲಬೇಕು ಅನ್ನುವುದೊಂದೇ ನನ್ನ ಆಸೆ. ಬಿ.ಎ. ಪಾಸಾಗದಿದ್ದರೂ ಅಡ್ಡಿಯಿಲ್ಲ ಅನ್ನುವಷ್ಟು ಆಸೆ.

ಕೋರ್ಟಿನ ಒಡೆಯ ನೀಲಕಂಠಸ್ವಾಮಿ. ಮೈಸೂರು ಪೇಟೆಯ ದೊಡ್ಡ ಮನೆಯ ಮಗ, ಮೂರನೆಯ ವರ್ಷದ ವಿದ್ಯಾರ್ಥಿ. ಇಸ್ತ್ರಿ ಮಾಡಿದ ಪ್ಯಾಂಟು ಎಷ್ಟು ಗರಿಗರಿಯಾಗಿರುತ್ತಿತ್ತೆಂದರೆ ಅದರ ಅಂಚಿನಲ್ಲಿ ಸೌತೆಕಾಯಿ ಹೆಚ್ಚಬಹುದಿತ್ತು. ದಸರಾ ರಜೆ ಮುಗಿದ ಮೇಲೆ ನಮ್ಮನ್ನು, ಅಂದರೆ ಹಳ್ಳಿ ಕಡೆಯ ಹೊಸಬರನ್ನು, ಕರೆದು ಒಂದು ಮಾತು ಕೊಟ್ಟ:

"ದಿನಾ ಬೆಳಿಗ್ಗೆ ಕೋರ್ಟಿಗೆ ರೋಲರ್ ಎಳೀರಿ. ಟರ್ಮ್ ಮುಗಿಯೋದ್ರೊಳಗೆ ಶನಿವಾರ ಸಂಜೆ ಒಂದು ಗಂಟೆ ಕೋರ್ಟು ನಿಮ್ಮದೇ. ಜಂಟಲ್‌ಮನ್ ಪ್ರಾಮಿಸ್."

ಎಳೆದೆವು. ನಾನು ಮತ್ತು ನನ್ನ ಕೋಣೆಯ ಗೆಳೆಯ ದೇವಯ್ಯ. ದೇವಯ್ಯ ಹೆಗ್ಗಡದೇವನಕೋಟೆ ತಾಲೂಕಿನ ಕಾಡಂಚಿನವನು, ಮಾತು ಕಡಿಮೆ, ತ್ರಿಕೋನಮಿತಿಯ ಪುಸ್ತಕವನ್ನು ಊಟದ ಎಲೆಯ ಪಕ್ಕದಲ್ಲೂ ಇಟ್ಟುಕೊಳ್ಳುವವನು. ಆ ಕಬ್ಬಿಣದ ರೋಲರ್ ಚಾಮುಂಡಿ ಬೆಟ್ಟಕ್ಕಿಂತ ಒಂದು ಮಣ ಹೆಚ್ಚೇ ತೂಗುತ್ತಿತ್ತು. ನಾವು ಎಳೆದೆಳೆದು ಆ ಕೋರ್ಟು ಎಷ್ಟು ನುಣುಪಾಯಿತೆಂದರೆ, ಕೂತ ನೊಣ ಜಾರಿ ಬೀಳುತ್ತಿತ್ತು.

ಕಡೆಯ ಶನಿವಾರ ಹೋದೆವು. ನಾನು ಹುಣಸೂರಿನ ದರ್ಜಿಯ ಹತ್ತಿರ ಬಿಳಿ ಚಡ್ಡಿ ಹೊಲಿಸಿಕೊಂಡಿದ್ದೆ. ಕೋರ್ಟಿನ ಸುತ್ತ ಅರ್ಧ ಹಾಸ್ಟೆಲು ನಿಂತಿತ್ತು. ನೀಲಕಂಠಸ್ವಾಮಿ ನನ್ನ ಚಡ್ಡಿಯನ್ನು ಮೇಲಿನಿಂದ ಕೆಳಗೆ ನೋಡಿ, ರ್‍ಯಾಕೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

"ಏನಯ್ಯಾ ಮಹದೇವಪ್ಪ, ನಿಜವಾಗಲೂ ಬಂದುಬಿಟ್ಟೆಯಾ? ಎಳೆಯೋರು ಎಳೆದ್ರೆ ಚೆಂದ, ಆಡೋರು ಆಡಿದ್ರೆ ಚೆಂದ. ಎತ್ತು ಎಲ್ಲಾದ್ರೂ ಟೆನಿಸ್ ಆಡೋದುಂಟೆ?"

ಎಲ್ಲರೂ ನಕ್ಕರು. ನನಗೆ ಆಗ ಬಂದ ಕೋಪಕ್ಕೆ ಮೂರು ಮೈಲಿ ದೂರದ ಕುಕ್ಕರಹಳ್ಳಿ ಕೆರೆ ಉಕ್ಕಿರಬೇಕು. ದೇವಯ್ಯ ನನ್ನ ತೋಳು ಹಿಡಿದ.

"ಬುಡ್ಲಾ. ಪರೀಕ್ಸೆ ಅದೆ."

"ಪರೀಕ್ಷೆ ಆಮೇಲೆ ಬರೀತೀನಿ. ಇವನನ್ನ ಮೊದಲು ಓದ್ಕೊಂತೀನಿ," ಅಂದೆ.

ಅಂದಿನಿಂದ ನಾನು ಓದಿದ್ದು ಒಂದೇ ವಿಷಯ, ನೀಲಕಂಠಸ್ವಾಮಿ. ಊಟದಲ್ಲಿ ಅವನಿಗೆ ಏನು ರುಚಿ, ಯಾವ ಮಾತಿಗೆ ಉಬ್ಬುತ್ತಾನೆ, ಯಾವುದಕ್ಕೆ ಹೆದರುತ್ತಾನೆ. ಅವನು ಹೆದರುತ್ತಿದ್ದದ್ದು ಒಂದಕ್ಕೇ: ಸಂಕ್ರಾಂತಿ ಆದ ಮೇಲೆ ಬೆಂಗಳೂರಿನ ಕಾಲೇಜಿನವರ ಜೊತೆ ಮ್ಯಾಚಿತ್ತು. ಅಷ್ಟರಲ್ಲಿ ನಮ್ಮ ಪ್ರಿನ್ಸಿಪಾಲರು, ರಜೆಯಲ್ಲಿ ಹುಡುಗರು ಓದಬೇಕೇ ಹೊರತು ಚೆಂಡು ಬಡಿಯಬಾರದು ಎಂದು ಕೋರ್ಟಿಗೆ ಬೀಗ ಜಡಿಸಿದರು. ನೀಲಕಂಠಸ್ವಾಮಿ ನೀರಿಂದ ತೆಗೆದ ಮೀನಾದ.

ಮೆಸ್ಸಿನಲ್ಲಿ ಅವನಿಗೆ ಕೇಳುವಂತೆ ನಾನು ದೇವಯ್ಯನಿಗೆ ಹೇಳಿದೆ: "ರಜಕ್ಕೆ ಗಾವಡಗೆರೆಗೆ ಬಾ ಕಣ್ಲಾ. ನಮ್ಮಪ್ಪ ಹೊಲದಾಗೆ ಒಂದು ನೆಲ ಮಾಡ್ಸವ್ನೆ. ನೀರಾಕಿ, ದಿಮ್ಸು ಒಡ್ದು, ಸಗಣಿ ಸಾರ್ಸಿ. ಈ ಕೋರ್ಟು ಅದ್ರ ಮುಂದೆ ಉತ್ತ ಒಲ ಇದ್ದಂಗೆ!"

ಸುಳ್ಳಲ್ಲ. ನಮ್ಮ ಕಣ ಹಾಗೇ ಇತ್ತು. ಕಣ ಅನ್ನುವ ಹೆಸರನ್ನು ಮಾತ್ರ ನಾನು ಹೇಳಲಿಲ್ಲ.

ನೀಲಕಂಠಸ್ವಾಮಿ ತುತ್ತನ್ನು ಕೆಳಗಿಟ್ಟ. "ಅಳತೆ ಎಷ್ಟಿದೆ?"

"ನಿಮ್ಮಂಥೋರು ನಾಲ್ಕು ಜನ ಒಟ್ಟಿಗೆ ಓಡಾಡಬಹುದು ಸ್ವಾಮಿ."

"ನಾನು ಬಂದ್ರೆ ಆಡೋಕೆ ಬಿಡ್ತೀರಾ?"

"ನೀವು ಬಂದ್ರೆ ಬಿಡೋದೇನು, ಬಿಟ್ಟುಕಳ್ಸೋದೇ ಇಲ್ಲ!" ಅಂದೆ.

ರಜೆಯಲ್ಲಿ ಮೂವರೂ ಬಸ್ಸಿನಲ್ಲಿ ಹುಣಸೂರಿಗೆ ಬಂದು, ಅಲ್ಲಿಂದ ನಮ್ಮ ಗಾಡಿಯಲ್ಲಿ ಗಾವಡಗೆರೆಗೆ ಹೊರಟೆವು. ದಾರಿಯುದ್ದಕ್ಕೂ ಅವನು ರ್‍ಯಾಕೆಟ್ಟಿನ ಚೀಲವನ್ನು ಹಸುಗೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಗಾಡಿ ನೆಟ್ಟಗೆ ಹೊಲದ ಕಡೆಗೇ ಹೋಗಲಿ ಅಂದೆ ನಾನು. ನಡು ಮಧ್ಯಾಹ್ನ. ಕಣದ ತುಂಬ ರಾಗಿಯ ತೆನೆ ಹಾಸಿದ್ದರು. ಎತ್ತುಗಳು ಬೆಳಗಿನಿಂದ ಗುಂಡು ಎಳೆದು, ಬಿಚ್ಚಿಸಿಕೊಂಡು ನೆರಳಲ್ಲಿ ಮೆಲುಕು ಹಾಕುತ್ತಿದ್ದವು. ಗುಂಡು ಅಂದರೆ ತೆನೆಯ ಮೇಲೆ ಉರುಳಿಸಿ ಕಾಳು ಬಿಡಿಸುವ ದಪ್ಪ ಕಲ್ಲು. ಅದರ ಪಕ್ಕದಲ್ಲಿ ಬಾರುಕೋಲು ಹಿಡಿದು ಕಾವಲು ಕೂತಿದ್ದವಳು ನಮ್ಮಜ್ಜಿ ಚಿಕ್ಕಸಿದ್ದಮ್ಮ. ಆಕೆಯ ಒಂದು ಕೆಮ್ಮಿಗೆ ಪಿರಿಯಾಪಟ್ಟಣದವರೆಗಿನ ಕಾಗೆಗಳು ಹಾರುತ್ತಿದ್ದವು.

ಕಣವೆಂದರೆ ನಮ್ಮ ಕಡೆ ದೇವರ ಗುಡಿಗಿಂತ ಒಂದು ತೂಕ ಹೆಚ್ಚು. ಗುಡಿಯ ಬಾಗಿಲಲ್ಲಿ ಮರೆತು ಚಪ್ಪಲಿ ಬಿಡದವನನ್ನು ದೇವರು ಕ್ಷಮಿಸಬಹುದು, ರಾಗಿ ಹಾಸಿದ ಕಣಕ್ಕೆ ಮೆಟ್ಟಿಕೊಂಡು ಬಂದವನನ್ನು ಅಜ್ಜಿ ಕ್ಷಮಿಸುವುದಿಲ್ಲ. ಹಾಗೆ ತುಳಿದವನು ಆ ಹಾಸು ಮುಗಿಯುವವರೆಗೆ ಎತ್ತಿನ ಬದಲು ಗುಂಡು ಎಳೆಯಬೇಕು. ನಮ್ಮೂರ ಪಟೇಲರೇ ಒಮ್ಮೆ ಎಳೆದಿದ್ದರು. ನಾನು ಗಾಡಿಯಿಂದ ಇಳಿಯುವಾಗಲೇ ಮೆಲ್ಲಗೆ ಚಪ್ಪಲಿ ಬಿಟ್ಟಿದ್ದೆ. ದೇವಯ್ಯ ಕೇಳದೆಯೇ ಬಿಟ್ಟ.

"ಅದೇ ನೋಡಿ," ಎಂದು ಬೆರಳು ತೋರಿಸಿದೆ. "ಮೇಲಿನ ಹುಲ್ಲು ತೆಗೆದ್ರೆ ಕನ್ನಡಿ!"

ಬಿಳಿಯ ಕ್ಯಾನ್ವಾಸ್ ಷೂ ತೊಟ್ಟ ನೀಲಕಂಠಸ್ವಾಮಿ ದಡದಡನೆ ಹೋಗಿ ಕಣದ ನಟ್ಟನಡುವೆ ನಿಂತು, ನೆಲ ಗಟ್ಟಿಯಿದೆಯೋ ಇಲ್ಲವೋ ಎಂದು ಹಿಮ್ಮಡಿಯಿಂದ ಎರಡು ಸಲ ಗುದ್ದಿದ.

ಅಜ್ಜಿ ಎದ್ದಳು.

"ಯಾರ್ಲಾ ಅವ್ನು! ನನ್ ಅನ್ನದ್ ಮ್ಯಾಲೆ ಕೆರ ಆಕ್ಕೊಂಡು ಕುಣೀತಿರಾನು!"

"ಅಮ್ಮಾ, ನಾನು ಟೆನಿಸ್ ಸೆಕ್ರೆಟರಿ..."

"ದಿವಾನ್ರೇ ಆಗಿರು! ಬುಚ್ಚು ಕೆರಾವ! ತಕ್ಕೊ ನೊಗಾವ!"

ತೆನೆ ಹೊರುತ್ತಿದ್ದವರು, ಹುಲ್ಲು ಒಟ್ಟುತ್ತಿದ್ದವರು, ದಾರಿಹೋಕರು ಎಲ್ಲರೂ ಕಣದ ಸುತ್ತ ಬಂದು ನಿಂತರು. ಒಂದು ಲಕ್ಷ ಜನ ಇರಬಹುದು. ಸ್ವಲ್ಪ ಹೆಚ್ಚು ಕಡಿಮೆ. ನೀಲಕಂಠಸ್ವಾಮಿ ನನ್ನ ಕಡೆ ನೋಡಿದ. ನಾನು ಕೈಮುಗಿದು ಅತ್ಯಂತ ವಿನಯದಿಂದ ಹೇಳಿದೆ:

"ಏನ್ ಮಾಡೋದು ಸ್ವಾಮಿ, ಊರಿನ ಪದ್ಧತಿ. ಎಳೆಯೋರು ಎಳೆದ್ರೆ ಚೆಂದ."

ಆ ಮಾತು ನನ್ನ ಬಾಯಿಂದ ಬಿದ್ದಾಗ ಆದ ಸಂತೋಷಕ್ಕೆ ನಾಲ್ಕು ಭಾನುವಾರದ ಹೋಳಿಗೆಯೂ ಸಾಟಿಯಲ್ಲ. ನೊಗ ಅವನ ಹೆಗಲೇರಿತು. ಗುಂಡು ಮಾತ್ರ ಕದಲಲಿಲ್ಲ. ನೊಗದ ಇನ್ನೊಂದು ತುದಿ ನೆಲಕ್ಕೆ ಬಿದ್ದಿತ್ತು.

ಅಜ್ಜಿ ಬಾರುಕೋಲನ್ನು ನನ್ನ ಎದೆಗೆ ನೆಟ್ಟಳು. "ಒಂಟಿ ಎತ್ತು ಗುಂಡೆಳೆದದ್ದ ಎಲ್ಲಾರಾ ಕಂಡಿದ್ಯೇನ್ಲಾ? ಇವುನ್ ಕರ್ಕೊಂಡು ಬಂದೋನ್ ಯಾರು?"

"ಅಜ್ಜೀ, ನಾನು ಚಪ್ಪಲಿ ಬುಟ್ಟಿವ್ನಿ ನೋಡು..."

"ನೀನು ಬುಟ್ಟು ಅವುಂಗೆ ಏಳ್ನಿಲ್ಲ. ಕಂಡಿವ್ನಿ ನಾನು. ಓಗು, ಜೋಡಿ ಕಟ್ಕೊ!"

ಲಕ್ಷ ಜನವೂ ನಕ್ಕರು. ರಾಗಿ ಮೆದೆಯ ಮೇಲೆ ತ್ರಿಕೋನಮಿತಿ ಹಿಡಿದು ಕೂತ ದೇವಯ್ಯ, ಹುಟ್ಟಿದ ಮೇಲೆ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು ನಕ್ಕ. ಬೇರೆ ಯಾರಾದರೂ ಆಗಿದ್ದರೆ ಅವಮಾನದಿಂದ ಅಲ್ಲೇ ಕರಗುತ್ತಿದ್ದರು. ನಾನು ಕರಗುವ ಜಾತಿಯವನಲ್ಲ. ನೊಗಕ್ಕೆ ಹೆಗಲು ಕೊಡುವಾಗಲೂ ನನ್ನ ತಲೆ ಹತ್ತು ಕುದುರೆಯ ವೇಗದಲ್ಲಿ ಓಡುತ್ತಿತ್ತು. ಓಡಿ ಬಂದು ಒಳಮಗ್ಗುಲಲ್ಲಿ ನಿಂತಿತು.

ಕಣದಲ್ಲಿ ಸುತ್ತುವ ಜೋಡಿಯಲ್ಲಿ ಒಳಮಗ್ಗುಲಿನ ಎತ್ತು ಬುಗುರಿಯ ಮೊಳೆಯಂತೆ ಸಣ್ಣ ಸುತ್ತು ತಿರುಗುತ್ತದೆ. ಹೊರಮಗ್ಗುಲಿನದು ಓಡಬೇಕು. ಅದಕ್ಕೇ ಮುದಿ ಎತ್ತನ್ನು ಒಳಗೆ, ಹೋರಿಯನ್ನು ಹೊರಗೆ ಕಟ್ಟುವುದು. ನಾನು ಮುದಿ ಎತ್ತಿನ ಜಾಗವನ್ನು ಹಿಡಿದೆ.

"ಓ... ಓ... ಓ!" ಎಂದು ಅಜ್ಜಿ ಬಾರುಕೋಲು ಬೀಸಿದಳು.

ಹೊರಟೆವು. ನಾನು ಸಂಜೆಯ ವಾಕಿಂಗಿನ ಹಾಗೆ ಹೆಜ್ಜೆಯಿಡುತ್ತಿದ್ದೆ. ನೀಲಕಂಠಸ್ವಾಮಿ ಓಡುತ್ತಿದ್ದ. ಅವನ ಪ್ಯಾಂಟಿನ ಗೆರೆ ಮಾಯವಾಯಿತು, ಕ್ರಾಪಿನ ತುಂಬ ರಾಗಿಯ ಹೊಟ್ಟು. ಉಸಿರಿನ ಸದ್ದು ಕಟ್ಟೆಮಳಲವಾಡಿಯ ನಾಲೆ ತೂಬು ತೆಗೆದಂತೆ.

"ಮಹದೇವಪ್ಪಾ... ನೀನು... ನಡೀತಿದ್ದೀಯ... ನಾನ್ಯಾಕೆ... ಓಡ್ತಿದ್ದೀನಿ?"

"ನೀವು ಆಟಗಾರರು ಸ್ವಾಮಿ. ಫುಟ್‌ವರ್ಕು."

"ಜಾಗ... ಬದಲಾಯಿಸು... ದಮ್ಮಯ್ಯ."

ಅದಕ್ಕೇ ಕಾಯುತ್ತಿದ್ದೆ. "ಶನಿವಾರ ಸಂಜೆ ಒಂದು ಗಂಟೆ. ಕೋರ್ಟು ನಂದು, ದೇವಯ್ಯನದು."

"ಕೊಟ್ಟೆ!"

"ಕೇಳಿಸ್ಲಿಲ್ಲ. ಅಜ್ಜಿಗೆ ಕಿವಿ ದೂರ."

"ಕೊಟ್ಟೇ! ಶನಿವಾರ ಕೋರ್ಟು ಇವರಿಗೆ ಕೊಟ್ಟೇ!" ಎಂದು ಅವನು ಕೂಗಿದ ಕೂಗಿಗೆ ಕಬಿನಿಯ ಆಚೆ ದಡದ ಆನೆಗಳು ಕಿವಿ ನಿಮಿರಿಸಿದವು. ಅಜ್ಜಿಗೆ ಕೋರ್ಟು ಅಂದರೆ ಹುಣಸೂರಿನ ಕಚೇರಿ. "ಕೊಡಪ್ಪ, ಅದ್ನಾದ್ರೂ ಕೊಡು. ಕಣದಾಗ್ ಆಡಿದ್ ಮಾತು ತಪ್ಪುದ್ರೆ ತಿನ್ನೋ ತುತ್ತು ಗಂಟ್ಲಾಗ್ ಇಳಿಯಾಕಿಲ್ಲ," ಅಂದಳು.

ಗುಂಡು ನಿಲ್ಲಿಸಿ ಜಾಗ ಬದಲಾಯಿಸಿದೆವು. ನೀಲಕಂಠಸ್ವಾಮಿ ಒಳಮಗ್ಗುಲಿಗೆ ಬಂದು ಸ್ವರ್ಗ ಸಿಕ್ಕವನಂತೆ ಕಣ್ಣು ಮುಚ್ಚಿದ. ಮಾತು ಕೊಟ್ಟಿದ್ದ, ಅಷ್ಟಕ್ಕೆ ಬಿಡಬಹುದಿತ್ತು. ನನಗೆ ಆ ಬಿಳಿ ಚಡ್ಡಿ ನೆನಪಾಯಿತು.

"ಅಜ್ಜೀ," ಅಂದೆ, "ಒಂದೇ ಕಡೀಕೆ ಸುತ್ತಿ ತಲೆ ತಿರುಗ್ತದೆ. ತೆನೆನೂ ಒಂದೇ ಮಗ್ಗುಲಿಗೆ ಮಲಿಕೊಂಡದೆ. ಎತ್ತು ತಿರುಗ್ಸಲ್ವಾ?"

"ಊಂ ಕಣ್ಲಾ, ಮರ್ತೇ ಓಗಿತ್ತು. ತಿರುಕ್ಕಳಿ ಎದುರ್ ಸುತ್ತಿಗೆ!"

ಜೋಡಿ ತಿರುಗಿ ನಿಂತಾಗ ಒಳಗಿನೆತ್ತು ಹೊರಗಾಯಿತು, ಹೊರಗಿನೆತ್ತು ಒಳಗಾಯಿತು. ನೀಲಕಂಠಸ್ವಾಮಿಗೆ ಇದು ಅರ್ಥವಾದದ್ದು ಅಜ್ಜಿ ಬಾರುಕೋಲು ಬೀಸಿ, ತನ್ನ ಕಾಲು ಓಡತೊಡಗಿದ ಮೇಲೆ. ಅವನು ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಇವತ್ತಿಗೂ ಊಟದ ಜೊತೆ ಉಪ್ಪಿನಕಾಯಿಯಂತೆ ನೆಂಚಿಕೊಳ್ಳುತ್ತೇನೆ. ಹಾಸು ಮುಗಿದಾಗ ಹೊತ್ತು ಇಳಿದಿತ್ತು. ದುಡಿದವನನ್ನು ಕಣದಿಂದ ಬರಿಗೈಯಲ್ಲಿ ಕಳಿಸಬಾರದೆಂದು ಅಜ್ಜಿ ಒಂದು ಮೊರ ರಾಗಿಯನ್ನು ಅವನ ರ್‍ಯಾಕೆಟ್ಟಿನ ಚೀಲಕ್ಕೆ ಸುರಿದಳು.

ಕಾಲೇಜು ತೆರೆದ ಮೇಲಿನ ಮೊದಲ ಶನಿವಾರ. ನಾನು ಅದೇ ಚಡ್ಡಿ ತೊಟ್ಟು ಹೋದೆ. ದೇವಯ್ಯ ಪಂಚೆ ಎತ್ತಿಕಟ್ಟಿ ಬಂದ. ಅರ್ಧ ಹಾಸ್ಟೆಲು ಅವತ್ತಿನ ಹಾಗೆಯೇ ಸುತ್ತ ನಿಂತಿತ್ತು. ನೀಲಕಂಠಸ್ವಾಮಿ ಏನಾದರೂ ಅನ್ನಬಹುದೆಂದು ಎಲ್ಲರೂ ಕಾದರು. ಅವನು ದೇವಯ್ಯನನ್ನು ನೋಡಿದ. ನಡೆದದ್ದನ್ನೆಲ್ಲ ಮೆದೆಯ ಮೇಲಿಂದ ಕಂಡ ದೇವಯ್ಯ ನೊಗ ಹೊತ್ತವನ ಹಾಗೆ ಕತ್ತು ಸವರಿಕೊಂಡ. ಅಷ್ಟು ಸಾಕಾಯಿತು. ನೀಲಕಂಠಸ್ವಾಮಿ ರ್‍ಯಾಕೆಟ್ಟನ್ನು ನನ್ನ ಕೈಗೆ ಕೊಟ್ಟು, ಗೆರೆಯ ಆಚೆ ಹೋಗಿ ನಿಂತ.

ಟೆನಿಸ್ ಹೇಗೆ ಆಡಬೇಕೆಂದು ನನಗೆ ಗೊತ್ತಿರಲಿಲ್ಲ. ಚೆಂಡನ್ನು ಮೇಲೆಸೆದು, ಚಿನ್ನಿಯನ್ನು ದಾಂಡಿನಿಂದ ಬಾರಿಸುವ ಹಾಗೆ ಬಾರಿಸಿದೆ. ಅದು ಬಲೆ ದಾಟಿ, ಬೇಲಿ ದಾಟಿ, ಅಡುಗೆ ಮನೆಯ ಹೆಂಚಿಗೆ ಬಡಿದು, ಪ್ರಿನ್ಸಿಪಾಲರ ಬಂಗಲೆಯ ಕಡೆಗೆ ಹಾರಿತು.

"ಔಟ್," ಅಂದ ನೀಲಕಂಠಸ್ವಾಮಿ.

"ನಮ್ ಕಡೆ ಎಷ್ಟು ದೂರ ಓದ್ರೆ ಅಷ್ಟು ಗೆದ್ದಂಗೆ ಸ್ವಾಮಿ," ಅಂದೆ. "ಓಗಿ ತನ್ನಿ."

ಅವನು ನಿಂತೇ ಇದ್ದ. ಆಮೇಲೆ ಅವನು ಬೇಲಿಯ ಗೇಟು ತೆಗೆದುಕೊಂಡು ಹೊರಟ, ಮೊದಲು ನಡೆದು, ನಾನು ಎರಡನೆಯ ಚೆಂಡನ್ನು ಕೈಗೆತ್ತಿಕೊಂಡದ್ದು ಕಂಡು, ಓಡುತ್ತ.