ಪಟವಾರಿ ಓದಿದ ಅರ್ಜಿ

ಹಳೇಗಡ್ಡಿಯ ಓಟುಗಳನ್ನು ಕದ್ದವನು ಊರಿನ ಜಮೀನಿನ ಲೆಕ್ಕ ಬರೆಯುವ ಪಟವಾರಿ ಬಸವಂತ್ರಾಯ. ಕತೆಯ ಕೊನೆಯವರೆಗೆ ಮುಚ್ಚಿಟ್ಟು ಹೇಳುವಂಥ ಗುಟ್ಟೇನೂ ಅಲ್ಲ ಇದು. ಊರಿನ ನಾಯಿಗೂ ಗೊತ್ತಿತ್ತು. ಗೊತ್ತಿಲ್ಲದವರಂತೆ ಕೂತವರು ಕಚೇರಿಯವರು ಮಾತ್ರ. ಅಂಬಿಗರ ಹಣಮಂತಮ್ಮನ ಹೊಟ್ಟೆ ಉರಿದದ್ದು ಕಳವಿಗಿಂತ ಹೆಚ್ಚಾಗಿ ಆ ನಾಟಕಕ್ಕೆ.

ನಿಜಾಮನ ಆಳ್ವಿಕೆ ಮುಗಿದು ನಾಲ್ಕನೆಯ ವರ್ಷ ನಡೆದಿತ್ತು. ಹೆಣ್ಣು ಗಂಡು ಎನ್ನದೆ ಎಲ್ಲರಿಗೂ ಮೊದಲ ಸಲ ಓಟು ಬಂದಿತ್ತು. ಕೃಷ್ಣೆಯ ದಂಡೆಯ ಹಳೇಗಡ್ಡಿಯಲ್ಲಿ ಅಂಬಿಗರ ಓಣಿಯೇ ದೊಡ್ಡದು. ಹಣಮಂತಮ್ಮನ ಗಂಡ ದ್ಯಾವಪ್ಪ ಹರಗೋಲು ಹಾಕಿ ಜನರನ್ನು ಆಚೆ ದಂಡೆಗೆ ದಾಟಿಸುತ್ತಿದ್ದ. ಅವಳು ಮೀನು ಒಣಗಿಸಿ ಸುರಪುರದ ಸಂತೆಗೆ ಹೊತ್ತೊಯ್ಯುತ್ತಿದ್ದಳು. ಚುನಾವಣೆಗೆ ನಿಂತವರು ಇಬ್ಬರು. ಒಬ್ಬರು ಊರಿನ ಒಡೆಯರಾದ ದೇಸಾಯರು, ಅವರ ಗುರುತು ಮರ. ಇನ್ನೊಬ್ಬ ಸುರಪುರದ ಒಬ್ಬ ವಕೀಲ, ಅವನ ಗುರುತು ದೋಣಿ. ವಕೀಲ ಎಂಥವನೆಂದು ಓಣಿಯವರಿಗೆ ಗೊತ್ತಿರಲಿಲ್ಲ. ದೇಸಾಯರು ಎಂಥವರೆಂದು ಬಹಳ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಓಣಿಗೆ ಓಣಿಯೇ ದೋಣಿಯ ಕಡೆ ನಿಂತಿತು.

ಆಗಿನ ಓಟಿನಲ್ಲಿ ಚೀಟಿಯ ಮೇಲೆ ಮುದ್ರೆ ಒತ್ತುವುದಿರಲಿಲ್ಲ. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಡಬ್ಬಿ, ಡಬ್ಬಿಯ ಮೇಲೆ ಅವನ ಗುರುತಿನ ಚಿತ್ರ. ಪರದೆಯ ಹಿಂದೆ ಹೋಗಿ, ಕೊಟ್ಟ ಚೀಟಿಯನ್ನು ಬೇಕಾದವನ ಡಬ್ಬಿಯ ಸೀಳಿನೊಳಗೆ ಹಾಕಿ ಬಂದರಾಯಿತು. ಇಷ್ಟನ್ನು ಮಹಾದೇವಪ್ಪ ಮಾಸ್ತರರು ಓಣಿಯಲ್ಲಿ ಕೂತು ಹೇಳಿಕೊಟ್ಟಿದ್ದರು. ಅವರು ವಕೀಲನ ಪರವಾಗಿ ಓಡಾಡುತ್ತಿದ್ದವರು. ಆದರೆ ಅಂಬಿಗರ ಹೆಂಗಸರಿಗೆ ಅವರದೇ ಒಂದು ಪದ್ಧತಿಯುಂಟು. ಹೊಸ ಹರಗೋಲನ್ನು ನೀರಿಗಿಳಿಸುವ ದಿನ ಅದನ್ನು ಬೋರಲು ಹಾಕಿ, ಬೆನ್ನಿಗೆ ಅರಿಷಿಣ ಕುಂಕುಮ ಹಚ್ಚಿ, ಎಲೆ ಅಡಿಕೆಯನ್ನು ಬೆನ್ನ ಮೇಲೆಯೇ ಇಟ್ಟು ಕೈಮುಗಿಯುತ್ತಾರೆ. ಪೂಜೆಗೆ ಮೊದಲು ಒಳಗೆ ಒಂದು ಹುಲ್ಲುಕಡ್ಡಿಯನ್ನೂ ಹಾಕುವುದಿಲ್ಲ; ಹಾಕಿದರೆ ಹರಗೋಲು ಮುಳುಗುತ್ತದೆಂಬ ಅಂಜಿಕೆ.

ಓಟಿನ ದಿನ ಎಲ್ಲರಿಗಿಂತ ಮುಂಚೆ ಪರದೆಯ ಹಿಂದೆ ಹೋದವಳು ಓಣಿಯ ಹಿರಿಯಳಾದ ಸಾಯಬಮ್ಮ. ಹೊಳೆಯುವ ಹೊಸ ಡಬ್ಬಿ, ಅದರ ಮೇಲೊಂದು ದೋಣಿ. ಮುದುಕಿಗೆ ಮತ್ತೇನು ಹೊಳೆಯಬೇಕು? ಸೆರಗಿನ ಗಂಟು ಬಿಚ್ಚಿ ಡಬ್ಬಿಗೆ ಅರಿಷಿಣ ಕುಂಕುಮ ಹಚ್ಚಿದಳು, ಸರ್ಕಾರ ಕೊಟ್ಟ ಚೀಟಿಯನ್ನು ಮೇಲಿಟ್ಟಳು, ಕೈಮುಗಿದು ಬಂದಳು. ಹಿರಿಯಳು ಮಾಡಿದ್ದನ್ನೇ ಉಳಿದವರೂ ಮಾಡಿದರು. ಹಣಮಂತಮ್ಮನೂ ಅರಿಷಿಣದ ಬೆರಳಲ್ಲೇ ಚೀಟಿ ಹಿಡಿದು ಡಬ್ಬಿಯ ಮೇಲಿಟ್ಟಳು. ಹೆಂಗಸರನ್ನು ನೋಡಿ ಗಂಡಸರೂ ಹಾಗೆಯೇ ಇಟ್ಟರು. ಅಲ್ಲಿ ಕಾರಕೂನನಾಗಿ ಕೂತಿದ್ದವನು ಪಟವಾರಿ ಬಸವಂತ್ರಾಯ. ಚೀಟಿ ಒಳಗೆ ಹಾಕಿರೆಂದು ಹೇಳಬೇಕಾದವನೇ ಪರದೆಯ ಸಂದಿಯಿಂದ ಇಣುಕಿ ಹೇಳಿದ್ದು ಬೇರೆ: "ಹಂಗೇ ಇಡ್ರವಾ, ಛಲೋ ಆತು." ನಡುನಡುವೆ ಡಬ್ಬಿ ಸರಿಮಾಡುವ ನೆವ ಹೇಳಿ ತಾನೂ ಒಳಗೆ ಹೋಗಿ ಬರುತ್ತಿದ್ದ.

ಸುರಪುರದಲ್ಲಿ ಎಣಿಕೆಯಾದಾಗ ಮಹಾದೇವಪ್ಪ ಮಾಸ್ತರರು ಎದುರಿಗೇ ಇದ್ದರು. ಹಳೇಗಡ್ಡಿಯ ದೋಣಿ ಡಬ್ಬಿಯ ಮೇಲೆಲ್ಲ ಕುಂಕುಮ, ಒಳಗೆ ಏನೂ ಇಲ್ಲ. ದೇಸಾಯರ ಮರದ ಗುರುತಿನ ಡಬ್ಬಿಯ ಮೈಮೇಲೆ ಒಂದು ಕಲೆಯಿಲ್ಲ, ಬಾಯಿ ತೆರೆದರೆ ಅರಿಷಿಣ ಮೆತ್ತಿದ ಚೀಟಿಗಳು ರಾಶಿರಾಶಿ. ಮಾಸ್ತರರು ಎದ್ದು ನಿಂತು ತೋರಿಸಿದರು. ಎಣಿಸುವ ಅಧಿಕಾರಿ ಒಂದು ಚೀಟಿಯನ್ನು ಎತ್ತಿ ನೋಡಿ, ಅರಿಷಿಣ ಹಚ್ಚಬಾರದೆಂದು ಯಾವ ಕಾನೂನೂ ಇಲ್ಲ, ಚೀಟಿ ಯಾವ ಡಬ್ಬಿಯಲ್ಲಿದೆಯೋ ಓಟು ಅವರದು ಎಂದು ಹೇಳಿ ಮುಂದಿನ ಡಬ್ಬಿ ತರಿಸಿದ. ದೇಸಾಯರು ಗೆದ್ದರು.

ಮರುದಿನ ದ್ಯಾವಪ್ಪ ಒಬ್ಬನೇ ದೇಸಾಯರ ವಾಡೆಗೆ ಹೋದ. ಬೈಯಲಿಲ್ಲ, ಕೈ ಎತ್ತಲಿಲ್ಲ. ನಮ್ಮ ಓಟು ಏನಾದವು ಎಂದು ಕೇಳಿದ, ಅಷ್ಟೇ. ವಾಡೆಯ ಆಳುಗಳು ಅವನನ್ನು ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟಿ ಹೊಡೆದರು. ಹುಟ್ಟು ಹಾಕುವ ಬಲಗೈಯ ಎಲುಬು ಮುರಿಯುವವರೆಗೆ ಹೊಡೆದರು. ಆಮೇಲೆ, ಓಟಿನ ದಿನ ಡಬ್ಬಿ ಒಡೆಯಲು ಬಂದಿದ್ದನೆಂದು ಅವನ ಮೇಲೆಯೇ ಕೇಸು ಬರೆಸಿ ಪೊಲೀಸರ ಕೈಗೆ ಕೊಟ್ಟರು. ಹೊಡೆತ ತಿಂದವನು ಗುಲ್ಬರ್ಗಾದ ಜೈಲಿಗೆ ಹೋದ, ಹೊಡೆದವರು ಮನೆಗೆ ಉಣ್ಣಲು ಹೋದರು.

ಹಣಮಂತಮ್ಮ ಹತ್ತದ ಮೆಟ್ಟಿಲಿಲ್ಲ. ಠಾಣೆಯಲ್ಲಿ, ಹೊಡೆದದ್ದನ್ನು ಕಂಡವರ್ಯಾರು ಎಂದರು. ತಹಸೀಲಿನಲ್ಲಿ, ಓಟಿನ ತಕರಾರು ಇಲ್ಲಿ ಬರುವುದಿಲ್ಲ, ಸೋತ ಉಮೇದುವಾರ ಬೇಕಾದರೆ ಮೇಲೆ ಹೋಗಲಿ ಎಂದರು. ಸೋತ ವಕೀಲ ಆಗಲೇ ದೇಸಾಯರ ಮನೆಯಲ್ಲಿ ಚಹಾ ಕುಡಿದು ಕೈ ತೊಳೆದುಕೊಂಡಿದ್ದ. ಎಲ್ಲಿ ಹೋದರೂ ಕೊನೆಗೆ ಒಂದೇ ಪ್ರಶ್ನೆ: ಚೀಟಿ ಒಳಗೆ ಹಾಕದೆ ಮೇಲೇಕೆ ಇಟ್ಟಿರಿ? ಕೇಳಿ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ನಗುತ್ತಿದ್ದರು. ಮೇಲಿಟ್ಟವರು ದಡ್ಡರಾದರೆ ಎತ್ತಿಕೊಂಡವನು ಏನು? ಇದನ್ನು ಮಾತ್ರ ಯಾರೂ ಕೇಳಲಿಲ್ಲ.

ಕೊನೆಗೆ ಅವಳು ಮಾಸ್ತರರ ಮನೆಯ ಮುಂದೆ ಕೂತು, ಇವರೆಲ್ಲರ ಮೇಲೆ ಮತ್ತಾರಿದ್ದಾರೆ ಎಂದು ಕೇಳಿದಳು. ಮಾಸ್ತರರು ವಿಶ್ವಸಂಸ್ಥೆಯ ಮಾತೆತ್ತಿದರು. ಅಮೆರಿಕದಲ್ಲಿದೆ, ಎಲ್ಲ ದೇಶದವರೂ ಅಲ್ಲಿ ಕೂಡುತ್ತಾರೆ. ಹೈದರಾಬಾದಿನ ಮೇಲೆ ಪೊಲೀಸ್ ಕಾರ್ಯಾಚರಣೆ ನಡೆದ ಕಾಲಕ್ಕೆ ನಿಜಾಮ ಸರ್ಕಾರ ತನ್ನ ತಕರಾರು ಒಯ್ದದ್ದು ಅಲ್ಲಿಗೇ. ಯಾರನ್ನೂ ಹಿಂಸಿಸಬಾರದು, ತಮ್ಮನ್ನು ಆಳುವವರನ್ನು ಜನರೇ ಆರಿಸಬೇಕು ಎಂದು ಅಲ್ಲಿ ಎಲ್ಲರೂ ಸೇರಿ ಬರೆದಿಟ್ಟಿದ್ದಾರೆ.

ಹಣಮಂತಮ್ಮ ಕೇಳಿದಳು, "ನಿಜಾಮಂದು ಕೇಳಿದ್ರೇನ್ರಿ ಅಲ್ಲಿ?"

"ಕೇಳೋಕಂತೂ ಕುಂತಿದ್ರು."

"ಅಷ್ಟು ದೊಡ್ಡ ಅರಮನಿ ಇದ್ದಂವಂದು ಕೇಳಾಕ ಕುಂತವ್ರು ನಮ್ದೂ ಕೇಳ್ಲಿ. ಬರೀರಿ."

ಮಾಸ್ತರರು ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಬರೆದರು. ಅರಿಷಿಣದ ಸಂಗತಿ ಬಂದಾಗ ಅವರ ಕೈ ತಡೆಯಿತು. ಹೊರದೇಶದವರು ನಕ್ಕಾರು, ಬಡಿಗೆ ಹಿಡಿದು ಬೆದರಿಸಿ ಚೀಟಿ ಕಸಿದುಕೊಂಡರೆಂದು ಬರೆದರೆ ತೂಕ ಬರುತ್ತದೆ ಎಂದರು. ಹಣಮಂತಮ್ಮ ಒಪ್ಪಲಿಲ್ಲ. ಆದದ್ದನ್ನು ಆದಂತೆ ಬರೆಯಬೇಕು, ನಗುವವರು ನಗಲಿ, ಸುಳ್ಳು ಬರೆಯಲು ಬಸವಂತ್ರಾಯನೇ ಸಾಕು ಎಂದಳು. ಗಂಡನನ್ನು ಯಾವ ಕಂಬಕ್ಕೆ ಕಟ್ಟಿದರು, ಯಾವ ಕೈ ಮುರಿದರು ಎಂಬುದನ್ನೂ ಬರೆಸಿದಳು. ಪೂರ್ತಿ ಓದಿಸಿ ಕೇಳಿದಳು, ಮತ್ತೊಮ್ಮೆ ಓದಿಸಿದಳು. ಓಣಿಯ ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತಿದರು. ಸಾಯಬಮ್ಮ ತನ್ನದನ್ನು ಎಲ್ಲಕ್ಕಿಂತ ಮೇಲೆ ಒತ್ತಿದಳು. ಮಾಸ್ತರರ ಜೊತೆ ಶಹಾಪುರದ ಮೇಲೆ ಹಾಯ್ದು ಯಾದಗಿರಿಗೆ ಹೋಗಿ, ರೈಲು ಇರುವ ಊರಿನಿಂದ ಬೇಗ ಮುಟ್ಟೀತೆಂದು ಅಲ್ಲಿಯೇ ಟಪಾಲಿಗೆ ಹಾಕಿ ಬಂದಳು.

ಮಳೆಗಾಲ ಹೋಯಿತು, ಜೋಳದ ಬಿತ್ತನೆಯೂ ಮುಗಿಯಿತು. ಅರ್ಜಿ ಅಮೆರಿಕ ಮುಟ್ಟಿತ್ತು. ಅಲ್ಲಿಯವರು ಒಂದು ಮುದ್ರೆ ಒತ್ತಿ, ಇಂಥ ದೂರುಗಳ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ತಮಗಿಲ್ಲವೆಂದು ಬರೆದು ದಿಲ್ಲಿಗೆ ಕಳಿಸಿದರು. ದಿಲ್ಲಿಯವರು ಮುದ್ರೆ ಒತ್ತಿ ಹೈದರಾಬಾದಿಗೆ ಕಳಿಸಿದರು, ಅವರು ಗುಲ್ಬರ್ಗಾಕ್ಕೆ, ಗುಲ್ಬರ್ಗಾದವರು ಸುರಪುರಕ್ಕೆ. ಅಷ್ಟು ದೊಡ್ಡ ದೊಡ್ಡವರ ಕೈ ದಾಟಿ, ಒಬ್ಬನೂ ಓದದೆ, ಆ ಕಾಗದ ಹಳೇಗಡ್ಡಿಯ ಚಾವಡಿಗೇ ಬಂದು ಬಿತ್ತು. ಲೋಕವೆಲ್ಲ ತಿರುಗಿ ಕಳ್ಳನ ಮನೆಯ ಬಾಗಿಲಿಗೇ ಬಂದು ನಿಲ್ಲುವ ನ್ಯಾಯಕ್ಕೆ ಏನೆನ್ನಬೇಕು?

ವಿಚಾರಣೆಗೆಂದು ಸುರಪುರದಿಂದ ಒಬ್ಬ ಗಿರ್ದಾವರ ಬಂದ. ಪಟವಾರಿಗಳ ಮೇಲಿನ ಸಾಹೇಬ. ಉರ್ದುವಿನಲ್ಲಿ ಓದಿದವನು, ಕನ್ನಡ ಮಾತಾಡುತ್ತಿದ್ದ, ಓದಲು ಬರುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಇಷ್ಟೇ: ಹೆಬ್ಬೆಟ್ಟುಗಳು ಈ ಹೆಂಗಸರವೇ, ಅಲ್ಲವೇ. ಅವನು ಬರುವ ಮುಂಚೆಯೇ ಬಸವಂತ್ರಾಯ ಓಣಿಗೆ ಬಂದು ದೇಸಾಯರ ಮಾತು ತಿಳಿಸಿ ಹೋಗಿದ್ದ. ಅರ್ಜಿ ನಮಗೆ ಗೊತ್ತಿಲ್ಲ, ಹೆಬ್ಬೆಟ್ಟು ನಮ್ಮದಲ್ಲ, ಮಾಸ್ತರನೇ ಕಟ್ಟಿದ್ದು ಎಂದರೆ ದ್ಯಾವಪ್ಪನ ಮೇಲಿನ ಕೇಸು ಹಿಂದಕ್ಕೆ ತೆಗೆಯುತ್ತಾರೆ, ಅವನು ಮನೆಗೆ ಬರುತ್ತಾನೆ. ಹೌದೆಂದರೆ ಜೈಲೇ ಗತಿ. ಹಿಂದಿನ ಸಲ ಹಣಮಂತಮ್ಮ ಜೈಲಿಗೆ ಹೋದಾಗ ದ್ಯಾವಪ್ಪ ಸೊಟ್ಟಾದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಮನೆಗೆ ಯಾವಾಗ ಒಯ್ಯುತ್ತಿ ಎಂದು ಕೇಳಿದ್ದ.

ಚಾವಡಿಯಲ್ಲಿ ಊರೆಲ್ಲ ಕೂಡಿತ್ತು. ಗಿರ್ದಾವರ ಕನ್ನಡದ ಪ್ರತಿಯನ್ನು ಪಟವಾರಿಯ ಕೈಗೆ ಕೊಟ್ಟು ಓದಲು ಹೇಳಿದ. ಬಸವಂತ್ರಾಯ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಓಟಿನ ದಿನದವರೆಗೆ ಚೆನ್ನಾಗಿಯೇ ಓದಿದ. ಹೆಂಗಸರು ಚೀಟಿಗಳನ್ನು ಡಬ್ಬಿಯ ಮೇಲಿಟ್ಟರು ಎಂದು ಓದಿ, ದೇಸಾಯರು ಗೆದ್ದರು ಎನ್ನುವಲ್ಲಿಗೆ ಹಾರಿದ.

"ನಡುವ ಬಿಟ್ರಿ," ಎಂದಳು ಹಣಮಂತಮ್ಮ.

ಬಸವಂತ್ರಾಯ ಕೇಳಿಸದವನಂತೆ ಮುಂದುವರಿದ. ಅವಳು ಎದ್ದು ನಿಂತಳು. "ಸಾಹೇಬ್ರ, ನಾ ಬರಸಿದ್ದು ನನಗ ಗೊತ್ತದ. ಇವ್ರು ಬಿಟ್ಟು ಓದಾಕತ್ತಾರ. ಅದ್ರಾಗ ಇವ್ರ ಹೆಸರದ, ಅದಕ್ಕ."

ಗಿರ್ದಾವರನಿಗೆ ಊಟದ ಹೊತ್ತು ಮೀರುತ್ತಿತ್ತು. ಆದರೆ ಮುದ್ರೆಗಳ ಮೇಲೆ ಮುದ್ರೆ ಬಿದ್ದ ಕಾಗದವನ್ನು ಅರ್ಧ ಓದಿಸಿದನೆಂಬ ಮಾತು ಬಂದರೆ ತನ್ನ ಕುತ್ತಿಗೆಗೇ ಬರುತ್ತದೆಂದು ಅಂಜಿದ. ಪೂರಾ ಓದೆಂದು ಗದರಿದ. ಬಸವಂತ್ರಾಯ ಓದಿದ. ಪಟವಾರಿ ಬಸವಂತ್ರಾಯನು ಆ ಚೀಟಿಗಳನ್ನು ಎತ್ತಿಕೊಂಡು ಮರದ ಡಬ್ಬಿಯಲ್ಲಿ ಹಾಕಿದನು ಎಂದು ಓದಿದ. ದ್ಯಾವಪ್ಪನನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ ಬಲಗೈ ಮುರಿದರು, ಅವನದು ಯಾವ ತಪ್ಪೂ ಇರಲಿಲ್ಲ ಎಂದು ಓದಿದ. ದನಿ ಇಳಿದಾಗ ಹಿಂದೆ ಕೂತವರು ಕೇಳಿಸುತ್ತಿಲ್ಲವೆಂದರು. ಮತ್ತೆ ಎತ್ತರಿಸಿ ಓದಬೇಕಾಯಿತು.

ಓದು ಮುಗಿದ ಮೇಲೆ ಹೆಬ್ಬೆಟ್ಟಿನ ವಿಚಾರಣೆ. ಸಾಯಬಮ್ಮನ ಮಗ ವಾಡೆಯಲ್ಲಿ ಜೀತಕ್ಕಿದ್ದ. ಮುದುಕಿ ನೆಲ ನೋಡಿಕೊಂಡು, ನಂದಲ್ಲ ಎಂದಳು. ಅವಳ ಹಿಂದಿದ್ದವಳೂ ಅಲ್ಲವೆಂದಳು, ಅವಳ ಹಿಂದಿನವಳೂ, ಹೀಗೇ ಎಲ್ಲರೂ. ಹಣಮಂತಮ್ಮನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಸಿಟ್ಟು ಇವರ ಮೇಲಲ್ಲ, ಇವರ ಬಾಯಿಗೆ ಬೀಗ ಹಾಕಿದವರ ಮೇಲೆ ಎಂದು ತನಗೆ ತಾನೇ ಹೇಳಿಕೊಂಡಳು. ಅವಳ ಸರದಿ ಬಂದಾಗ ಬಸವಂತ್ರಾಯ ಕಣ್ಣೆತ್ತಿ ನೋಡಿದ. ಗಂಡ ಬೇಕೋ ಬೇಡವೋ ಎಂಬ ನೋಟ ಅದು. ಅವಳಿಗೆ ಗಂಡ ಬೇಕಾಗಿತ್ತು.

"ನಂದೇ," ಎಂದಳು. "ಬೇಕಾದ್ರ ಇನ್ನೊಮ್ಮಿ ಒತ್ತತೀನಿ."

ಗಿರ್ದಾವರ ಬರೆದುಕೊಂಡ. ಒಂದು ಹೆಬ್ಬೆಟ್ಟು ನಿಜ, ಉಳಿದವು ಸುಳ್ಳು, ಮುಂದಿನ ಕ್ರಮದ ಅಗತ್ಯವಿಲ್ಲ. ಕಾಗದ ಬಂದ ದಾರಿಯಲ್ಲೇ ತಿರುಗಿ ಹೋಯಿತು. ದ್ಯಾವಪ್ಪನಿಗೆ ಶಿಕ್ಷೆಯಾಯಿತು.

ಗುಲ್ಬರ್ಗಾದ ಜೈಲಿನಲ್ಲಿ ಸರಳಿನ ಆಚೆ ಅವನು, ಈಚೆ ಅವಳು. ಅವಳು ಹೆಬ್ಬೆಟ್ಟು ತನ್ನದೇ ಎಂದ ಸುದ್ದಿ ಅವನಿಗೆ ಮುಂಚೆಯೇ ಮುಟ್ಟಿತ್ತು. ಅವಳ ಮುಖ ನೋಡದೆ ಗೋಡೆಯ ಕಡೆ ತಿರುಗಿ ಕೂತಿದ್ದ.

"ಅಲ್ಲಂದಿದ್ರ ನಿಂದೇನು ಹೋಗ್ತಿತ್ತು?" ಎಂದು ಕೇಳಿದ.

"ನೀ ಹೊಡ್ತ ತಿಂದದ್ದು ಸುಳ್ಳಾಗ್ತಿತ್ತು."

ತಂದ ರೊಟ್ಟಿಯ ಗಂಟನ್ನು ಅವಳು ಕಾವಲಿನವನ ಕೈಗೆ ಕೊಟ್ಟು, ಅಲ್ಲಿಯೇ ನಿಂತಳು. ಹೇಳಬೇಕೋ ಬೇಡವೋ ಎಂದು ತಡೆದು, ಕೊನೆಗೆ ಚಾವಡಿಯಲ್ಲಿ ಅರ್ಜಿ ಓದಿದ ಸಂಗತಿ ಎತ್ತಿದಳು. ದ್ಯಾವಪ್ಪ ಮೆಲ್ಲಗೆ ಈ ಕಡೆ ತಿರುಗಿದ.

"ಯಾರು ಓದಿದ್ರು?"

"ಅವನೇ. ಬಸವಂತ್ರಾಯ. ಬಿಟ್ಟು ಓದಿದ್ದ, ಮತ್ತ ಓದಸಿದೆ."

"ನಂದೂ ಓದಿದ್ನಾ? ಕಂಬದ್ದು?"

"ಓದಿದ. ಊರೆಲ್ಲ ಕೇಳ್ತು."

ದ್ಯಾವಪ್ಪ ಎಡಗೈಯಲ್ಲಿ ಸರಳು ಹಿಡಿದು ಅವಳ ಹತ್ತಿರಕ್ಕೆ ಸರಿದು ಕೂತ. "ಮೊದಲಿಂದ ಹೇಳು," ಎಂದ.